ಒತ್ತಿದರೆ ಹೋಗುವ ನೀಲಿ

ಬಣ್ಣಗಾರನ ಎಡಗಾಲಿನ ಎರಡು ಬೆರಳು ನೀಲಿಯಾದಾಗ ಅವನಿಗೆ ಆದದ್ದು ಭಯವಲ್ಲ, ಹೆಮ್ಮೆ. ಮೂವತ್ತು ವರ್ಷ ನೀಲಿ ತೊಟ್ಟಿಯಲ್ಲಿ ಬರಿಗಾಲಲ್ಲಿ ನಿಂತು ಬಟ್ಟೆ ತುಳಿದವನು. ಕಾಲಿಗೆ ನೀಲಿ ಹತ್ತದೆ ಕೆಂಪು ಹತ್ತೀತೆ?

“ಎರಡೂ ಕಾಲು ತೊಟ್ಟಿಯಲ್ಲೇ ಇರುತ್ತಲ್ಲ, ಒಂದೇ ಯಾಕೆ ನೀಲಿ?” ಎಂದಳು ಹೆಂಡತಿ.

“ಎಡಗಾಲಿಗೆ ಚೆನ್ನಾಗಿ ಹಿಡಿದಿದೆ ಕಣೇ. ಕಸುಬಿನ ವಿಷಯ ನಿನಗೇನು ಗೊತ್ತು!”

ಅಲ್ಲಿಗೆ ಮಾತು ಮುಗಿಯಿತು. ದಿನಾ ಸಂಜೆ ಅವಳು ಬಿಸಿನೀರು, ಸೋಪು, ಕಾಲುಜ್ಜುವ ಕಲ್ಲು ಹಿಡಿದು ಕೂತಳು. ಮೂರು ವಾರ ಉಜ್ಜಿದಳು. ಬೆರಳು ನೀಲಿಯಿಂದ ನೇರಳೆಗೆ ತಿರುಗಿತು. ಮಹಾರಾಯ ಹಲ್ಲು ಕಚ್ಚಿಕೊಂಡೇ, “ಆಹಾ, ನೋಡು ಬಣ್ಣದ ಗಟ್ಟಿತನ!” ಎಂದ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದು, ಅಷ್ಟೆ.

ಅವನು ಕುಂಟತೊಡಗಿದ ಮೇಲೆ ಹೆಂಡತಿ ಆಸ್ಪತ್ರೆಗೆ ಎಳೆದೊಯ್ದಳು. ಹಿರಿಯ ಡಾಕ್ಟರು ಪಾದದ ಮೇಲೆ ಬೆರಳಿಟ್ಟು, “ನಾಡಿ ಭರ್ಜರಿಯಾಗಿದೆ. ರಕ್ತ ಓಡ್ತಿದೆ. ಬಣ್ಣವೇ ಇರಬೇಕು” ಎಂದು ಟೀ ಕುಡಿಯಲು ಎದ್ದರು. ಬಣ್ಣ ಗೊತ್ತಿಲ್ಲದ ಡಾಕ್ಟರು, ರೋಗ ಗೊತ್ತಿಲ್ಲದ ಬಣ್ಣಗಾರ, ಒಳ್ಳೇ ಜೋಡಿ.

ಪಕ್ಕದ ಮೇಜಿನ ಡಾಕ್ಟರಮ್ಮ ಬಂದು ಬೆರಳನ್ನು ಒತ್ತಿದರು. ಒತ್ತಿದ ಜಾಗ ಬೆಳ್ಳಗಾಯಿತು. ಬಿಟ್ಟಮೇಲೆ ನಿಧಾನಕ್ಕೆ ನೀಲಿ ಮರಳಿತು.

“ನಿಮ್ಮ ಬಣ್ಣ ಒತ್ತಿದ್ರೆ ಹೋಗುತ್ತಾ?”

ಅವನಿಗೆ ರೇಗಿತು. “ಏನಮ್ಮಾ ಹೀಗಂತೀರಾ? ಕಲ್ಲಿಗೆ ಒಗೆದ್ರೂ ಹೋಗಲ್ಲ ನಮ್ಮ ಬಣ್ಣ!”

“ಹಾಗಾದ್ರೆ ಇದು ನಿಮ್ಮ ಬಣ್ಣ ಅಲ್ಲ.”

ಸ್ಕ್ಯಾನಿನಲ್ಲಿ ಕಳ್ಳ ಸಿಕ್ಕಿಬಿದ್ದ. ತೊಡೆಯ ರಕ್ತನಾಳದ ಒಳಗೋಡೆಗೆ ಕೊಬ್ಬು ಪಾಚಿಯ ಹಾಗೆ ಕಟ್ಟಿತ್ತು. ಅದರ ಚೂರುಗಳು ಕಳಚಿ ದೊಡ್ಡ ನಾಳಗಳನ್ನೆಲ್ಲ ದಾಟಿ, ಬೆರಳಿನ ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡಿದ್ದವು. ಅದಕ್ಕೇ ಪಾದದಲ್ಲಿ ನಾಡಿ ಇತ್ತು, ಬೆರಳಲ್ಲಿ ಜೀವ ಇರಲಿಲ್ಲ. ಇನ್ನಷ್ಟು ಚೂರು ಇಳಿದರೆ ಪಾದವೇ ಹೋಗುತ್ತದೆ ಎಂದರು ಡಾಕ್ಟರಮ್ಮ. ಬಣ್ಣಗಾರನಿಗೆ ಆಗ ನಿಜವಾಗಿ ಹೆದರಿಕೆಯಾಯಿತು.

ನಾಳದೊಳಗೆ ಸಣ್ಣ ಕೊಳವೆ ಕೂರಿಸಿದರು, ಕೊಬ್ಬಿಳಿಸುವ ಮಾತ್ರೆ ಕೊಟ್ಟರು, ಅವನು ದಿನಾ ಸೇದುತ್ತಿದ್ದ ಸಿಗರೇಟು ಬಿಡಿಸಿದರು. ಪಾದ ಉಳಿಯಿತು. ಕಿರುಬೆರಳನ್ನು ಮಾತ್ರ ತೆಗೆಯಬೇಕಾಯಿತು.

“ಮೊದಲ ವಾರವೇ ಬಂದಿದ್ರೆ ಅದೂ ಉಳೀತಿತ್ತೇನೋ. ಇದು ಸಿಕ್ಕಾಪಟ್ಟೆ ನೋಯುತ್ತೆ. ನಿಮಗೆ ನೋವಿರಲಿಲ್ವಾ?” ಎಂದರು ಡಾಕ್ಟರಮ್ಮ.

ಅವನು ಕಿಟಕಿಯ ಕಡೆ ನೋಡಿದ. “ಇತ್ತು.”

“ನಾನು ಕಲ್ಲಲ್ಲಿ ಉಜ್ಜುವಾಗ?” ಎಂದಳು ಹೆಂಡತಿ.

“ಪ್ರಾಣ ಹೋಗ್ತಿತ್ತು ಕಣೇ.”

“ಬಾಯಿ ಬಿಡೋಕೆ ಏನಾಗಿತ್ತು ನಿಮಗೆ?”

“ನೋವು ಅಂದಿದ್ರೆ, ಬಣ್ಣ ಅಲ್ಲ ಅಂತ ಒಪ್ಪಿಕೊಂಡ ಹಾಗಾಗ್ತಿತ್ತಲ್ಲ.”

ಅವಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ತನ್ನ ಎರಡೂ ಕೈ ಸೆರಗಿನಲ್ಲಿ ಒರೆಸಿಕೊಳ್ಳುತ್ತಲೇ ಇದ್ದಳು.