ಮೋಡದ ಹಿಂದಿನ ಹೊತ್ತು

ತೊಂಬತ್ತೊಂದರ ಚಾತುರ್ಮಾಸ ಆಗಷ್ಟೇ ಶುರುವಾಗಿತ್ತು. ನಾನು, ನನ್ನ ಗಂಡ ಉತ್ತಮ, ಅವರ ಕಾಲೇಜಿನ ಗೆಳೆಯ ನೇಮಿನಾಥ, ಆತನ ಹೆಂಡತಿ ಮಂಗಲ, ಶನಿವಾರ ಐನಾಪುರದಿಂದ ನಿಪ್ಪಾಣಿಗೆ ಬಂದು ತವಂದಿ ಗುಡ್ಡದ ಕೆಳಗಿನ ಧರ್ಮಶಾಲೆಯಲ್ಲಿ ಉಳಿದೆವು. ಭಾನುವಾರ ಬೆಳಿಗ್ಗೆ ಗುಡ್ಡ ಹತ್ತಿದೆವು.

ಉತ್ತಮರಿಗೆ ಚಿಕ್ಕಂದಿನಿಂದ ಸಕ್ಕರೆ ಕಾಯಿಲೆ. ಇನ್ಸುಲಿನ್ ನಾನೇ ಚುಚ್ಚುತ್ತಿದ್ದೆ; ಆ ಬೆಳಿಗ್ಗೆಯೂ ಚುಚ್ಚಿದ್ದೆ. ಚುಚ್ಚಿದ ಮೇಲೆ ಊಟ ತಪ್ಪಿದರೆ ಮೈ ಬೆವರಿ ತಲೆ ಮಂಕಾಗುತ್ತದೆ. ಕೂಡಲೇ ಕಲ್ಲುಸಕ್ಕರೆ ಕೊಡಬೇಕು, ಇಲ್ಲದಿದ್ದರೆ ಜೀವಕ್ಕೆ ಅಪಾಯ. ಅದರ ಡಬ್ಬಿ ನನ್ನ ಹತ್ತಿರವೇ ಇರುತ್ತಿತ್ತು. ಆ ವರ್ಷ ಅವರು ಜೈನ ಮುನಿಗಳ ಮುಂದೆ ನೇಮ ಹಿಡಿದಿದ್ದರು: ನಾಲ್ಕು ತಿಂಗಳು ಹೊತ್ತು ಮುಳುಗಿದ ಮೇಲೆ ಅನ್ನವಿಲ್ಲ, ನೀರಿಲ್ಲ. ಕಾಯಿಲೆಯ ವಿಷಯ ಮುನಿಗಳಿಗೆ ಹೇಳಿರಲಿಲ್ಲ.

ಮೇಲೆ ಗಾಳಿ ಎದ್ದಿತು.

"ಲೇ ಉತ್ತಮ, ವೈನಿಗೆ ಗುಡ್ಡ ತೋರಸ್ತೀನಂತ ಕರಕೊಂಡು ಬಂದು ಬರೇ ಮೋಡ ತೋರಸಾಕತ್ತೀಯಲ್ಲೋ!" ಎಂದ ನೇಮಿನಾಥ, ನನ್ನತ್ತ ಕೈ ತೋರಿಸಿ.

"ಮೋಡ ಪುಕ್ಕಟ ಐತಿ, ನೋಡಲೇ."

ಮಧ್ಯಾಹ್ನ ಮಳೆ ಜೋರಾಗಿ ಹಿಡಿಯಿತು. ಇಳಿಯುವಾಗ ಹಳ್ಳ ಉಕ್ಕಿ, ಊಟ ಮಾಡುವ ಮೊದಲೇ ಬುತ್ತಿಯ ಚೀಲ ತೇಲಿಹೋಯಿತು. ದಾಟಲಾಗದೆ ಬಂಡೆಯ ಮರೆಯಲ್ಲಿ ಕೂತೆವು. ನೇಮಿನಾಥನ ವಾಚಿನೊಳಗೆ ನೀರು ಹೊಕ್ಕಿತ್ತು. ಸುತ್ತ ಕತ್ತಲೆ ಕವಿಯಿತು.

ಉತ್ತಮರ ಕೈ ನಡುಗತೊಡಗಿತು. ನಾನು ಡಬ್ಬಿ ತೆರೆದೆ.

"ಬ್ಯಾಡ. ಹೊತ್ತು ಮುಳುಗೇತಿ."

"ಮೋಡರಿ ಅದು. ಇನ್ನೂ ಹೊತ್ತೈತಿ."

"ನೀ ಕಂಡೀಯೇನು?"

ನಾನು ನೇಮಿನಾಥನ ಮುಖ ನೋಡಿದೆ. ಆತ ನಿಂತುಹೋದ ವಾಚು ತೋರಿಸಿದ. ಹೊತ್ತು ಮುಳುಗಿತೋ ಇಲ್ಲವೋ ಎಂಬ ಸಂಶಯವಿದ್ದರೆ ಬಾಯಿಗೆ ಏನೂ ಹಾಕಬಾರದೆಂದು ನಾವೆಲ್ಲ ಕೂಸಿದ್ದಾಗಿನಿಂದ ಕಲಿತವರು.

"ವೈನಿ, ಬಾಯಾಗ ತುರುಕ್ರಿ," ಎಂದಳು ಮಂಗಲ. "ಪಾಪ ಬಂದ್ರ ನನಗ ಬರಲಿ."

ಗಲ್ಲ ಹಿಡಿದು ತುರುಕಿದೆ. ಉಗಿದರು. ಮತ್ತೆ ತುರುಕಿದೆ. ಹಲ್ಲು ಬಿಗಿಹಿಡಿದರು. "ನಾಳೆ ಮುಂಜಾನೆ ತಿಂತೀನಿ, ಮಂಗಲ," ಎಂದರು, ನನ್ನನ್ನು ನೋಡಿ. ತಲೆ ಆಗಲೇ ಮಂಕಾಗಿತ್ತು; ಕಣ್ಣು ಮುಚ್ಚಿದರು. ನೇಮಿನಾಥ ಎದ್ದು ಹಳ್ಳದ ದಂಡೆ ಹಿಡಿದು, ಜನರನ್ನು ಕೂಗುತ್ತ ಓಡಿದ.

ಮಳೆ ನಿಂತಿತು. ಪಡುವಣದಲ್ಲಿ ಮೋಡ ಹರಿಯಿತು. ಸೂರ್ಯ ಗುಡ್ಡದ ಸಾಲಿನಿಂದ ಎರಡು ಮೊಳ ಮೇಲಿದ್ದ. ಬಂಡೆ, ಹುಲ್ಲು, ಅವರ ಮುಖ, ಎಲ್ಲ ಬೆಳಗಿದವು.

"ನೋಡ್ರಿ, ಹೊತ್ತೈತಿ. ಕಣ್ಣು ತಗೀರಿ. ಹೊತ್ತೈತ್ರಿ."

ಸಕ್ಕರೆಯನ್ನು ಅಗಿದು ಅವರ ನಾಲಿಗೆಗೆ ಹಚ್ಚಿದೆ. ನುಂಗಲಿಲ್ಲ. ತುಟಿಯ ಅಂಚಿನಿಂದ ಹೊರಗೆ ಇಳಿಯಿತು. ನಾನು ಒರೆಸಿ ಮತ್ತೆ ಹಚ್ಚಿದೆ.

ನೇಮಿನಾಥ ಜನರನ್ನು ಕರೆತಂದು, ಕಂಬಳಿಯಲ್ಲಿ ಹೊತ್ತು ಇಳಿಸಿ, ನಿಪ್ಪಾಣಿಗೆ ಮುಟ್ಟಿಸುವಷ್ಟರಲ್ಲಿ ಉಸಿರು ಇರಲಿಲ್ಲ.

ಐನಾಪುರದಲ್ಲಿ ಮಾತಾಡಿಸಲು ಬಂದವರಿಂದ ಪಡಸಾಲೆ ತುಂಬಿತ್ತು. ಅತ್ತೆ ಕಾಶಿಬಾಯಿ ಕಂಬಕ್ಕೆ ಒರಗಿ ಕೂತಿದ್ದರು.

"ಜೀವ ಬಿಟ್ಟ, ನೇಮ ಬಿಡಲಿಲ್ಲ ನನ್ನ ಮಗ," ಎಂದರು.

ಹೆಂಗಸರು ಕೈ ಮುಗಿದರು. "ಪುಣ್ಯವಂತನ್ನ ಹಡದೀರಿ," ಎಂದಳು ಒಬ್ಬಾಕೆ.

ನನ್ನ ಪಕ್ಕದಲ್ಲಿ ಕೂತಿದ್ದ ಮಂಗಲ ಬಾಯಿ ತೆರೆದಳು. "ಅತ್ತೀ, ಆವಾಗ ಹೊತ್ತಿನ್ನೂ..."

ನಾನು ಅವಳ ಕೈಯನ್ನು ಬಿಗಿಯಾಗಿ ಹಿಡಿದೆ. ಅಷ್ಟರಲ್ಲಿ ಮತ್ತೆ ಯಾರೋ ಒಳಗೆ ಬಂದರು. ಅತ್ತೆ ಅವರಿಗೂ ಅದನ್ನೇ ಹೇಳತೊಡಗಿದರು.