ಐದು ನೂಲು

ಬೈಲಹೊಂಗಲದ ನಮ್ಮ ಓಣಿಯ ಹೆಂಗಸರಿಗೆ ನನ್ನ ಗಂಡ ಮೌಲಾಸಾಬರು ಹೊಲಿದ ಜಂಪರೇ ಆಗಬೇಕು. ಆದರೆ ಇಪ್ಪತ್ತಾರು ವರ್ಷಗಳಲ್ಲಿ ಅವರು ಒಬ್ಬ ಹೆಂಗಸಿನ ಅಳತೆಯನ್ನೂ ತೆಗೆದುಕೊಂಡವರಲ್ಲ. ಅದು ನನ್ನ ಕೆಲಸ. ಅಂಗಡಿಯ ಪರದೆಯ ಒಳಗೆ ನಿಂತು ನಾನು ಟೇಪು ಹಿಡಿದು ಕೂಗುತ್ತೇನೆ, "ಎದಿ ಮೂವತ್ನಾಲ್ಕು, ತೋಳು ಎಂಟೂವರಿ." ಈಚೆ ಕಡೆ ಅವರು ಬರೆದುಕೊಳ್ಳುತ್ತಾರೆ, ಬರೆದದ್ದನ್ನು ನಂಬಿ ಬಟ್ಟೆಗೆ ಕತ್ತರಿ ಹಾಕುತ್ತಾರೆ. ಒಮ್ಮೆಯಾದರೂ "ಖರೇನ?" ಎಂದು ಕೇಳಿದ್ದಿಲ್ಲ. ಜುಬೇದಾನ ಅಳತೆ ತಪ್ಪೋದಿಲ್ಲ ಎಂದು ಗಿರಾಕಿಗಳ ಮುಂದೆ ಹೇಳಿಕೊಳ್ಳುತ್ತಿದ್ದರು. ಅದನ್ನು ಕೇಳಿ ನಾನೂ ಪರದೆಯೊಳಗೆ ಉಬ್ಬುತ್ತಿದ್ದೆ.

ಸಕ್ಕರೆ ಕಾಯಿಲೆ ಹತ್ತು ವರ್ಷದ್ದು, ಬೀಡಿ ಮೂವತ್ತು ವರ್ಷದ್ದು. ಎರಡನ್ನೂ ಅವರು ಹೊಟ್ಟೆಯ ಮಕ್ಕಳಂತೆ ಸಾಕಿದ್ದರು. ಹೊಲಿಗೆ ಮಿಶನ್ನನ್ನು ಬರಿಗಾಲಲ್ಲೇ ತುಳಿಯುತ್ತಿದ್ದರು. ಚಪ್ಪಲಿ ಹಾಕಿದರೆ ಹೊಲಿಗೆಯ ಓಟ ಕಾಲಿಗೆ ತಿಳಿಯುವುದಿಲ್ಲವಂತೆ. ಆ ಕಾಲಿಗೆ ಏನೂ ತಿಳಿಯದಂತಾಗಿ ಎರಡು ವರ್ಷವಾಗಿತ್ತು, ಅದು ಬೇರೆ ಮಾತು. ಫೆಬ್ರುವರಿಯಲ್ಲಿ ಒಂದು ಮುಂಜಾನೆ ಅಂಗಡಿ ಗುಡಿಸುವಾಗ ಮಿಶನ್ನಿನ ಕಾಲು ತುಳಿಯುವ ಪಾಟಿಯ ಮೇಲೆ ರಕ್ತದ ಕಲೆ ಕಂಡೆ. ಪಾಟಿಯ ಬೋಲ್ಟೊಂದು ಮೇಲೆದ್ದು ಬಲಗಾಲಿನ ಹೆಬ್ಬೆರಳ ಬುಡವನ್ನು ಕೊರೆಯುತ್ತಿತ್ತು. ಎಷ್ಟು ದಿನದಿಂದಲೋ, ಅವರಿಗೆ ಗೊತ್ತೇ ಇರಲಿಲ್ಲ.

ಬೆಳಗಾವಿಯ ದವಾಖಾನೆಗೆ ಹೋದೆವು. ಡಾಕ್ಟರು ಗಾಯ ತೊಳೆದು, ಕಾಲಿನ ನಾಡಿ ಹಿಡಿದು ನೋಡಿ, ನೇರವಾಗಿ ಕೇಳಿದರು.

"ಬೀಡಿ ಎಷ್ಟ ಸೇದತೀರಿ?"

"ದಿನಾ ಒಂದ ಕಟ್ಟ್ರಿ."

"ಸಕ್ಕರಿ ಮೊದಲ ರಕ್ತದ ನಳಾ ಸಣ್ಣ ಮಾಡೇತಿ. ಬೀಡಿ ಅದನ್ನ ಇನ್ನಷ್ಟ ಬಿಗೀತೈತಿ. ಕಾಲಿಗೆ ರಕ್ತನ ಹೋಗಲಿಲ್ಲಂದ್ರ ಗಾಯ ಹೆಂಗ ಮಾಯಬೇಕು? ಇವತ್ತಿನಿಂದ ಬೀಡಿ ಬಂದ್. ಆ ಕಾಲ ನೆಲಕ್ಕ ಊರಬ್ಯಾಡ್ರಿ. ಬಿಡಲಿಲ್ಲಂದ್ರ ಕಾಲ ಉಳಿಯೋದಿಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ದಿನಾ ನೀವ ಪಟ್ಟಿ ಕಟ್ರಿ. ತಿಂಗಳಿಗೊಮ್ಮೆ ನನಗ ತೋರಸ್ರಿ. ನಡುವ ಗಾಯ ದೊಡ್ಡದಾತಂದ್ರ ಅವತ್ತ ಕರಕೊಂಡ ಬರ್ರಿ."

ದರ್ಜಿಗೆ ಕಾಲಿಲ್ಲದಿದ್ದರೆ ಏನಿದೆ? ಅವರು ಮನೆಗೆ ಬಂದವರೇ ಬೀಡಿಯ ಕಟ್ಟನ್ನು ಒಲೆಗೆ ಹಾಕಿದರು. ಮೊದಲ ವಾರ ಮೈಯೆಲ್ಲ ಬೆವರು, ಕೈನಡುಕ. ಚಹಾದಲ್ಲಿ ಕೆನೆ ಬಂದದ್ದಕ್ಕೆ ಕಪ್ಪು ಒಡೆದರು. ನಾನು ಬೈಯಲಿಲ್ಲ, ಅದೇ ಆಶ್ಚರ್ಯ. ಬಾಯಿ ಖಾಲಿ ಇರಬಾರದೆಂದು ಬಡೇಸೋಪು ತಂದಿಟ್ಟೆ.

ಅವರಿಗೆ ರಕ್ತ ಕಂಡರೆ ತಲೆ ತಿರುಗುತ್ತದೆ. ಪಟ್ಟಿ ಬಿಚ್ಚುವಾಗ ಮುಖವನ್ನು ಗೋಡೆಯ ಕಡೆ ತಿರುಗಿಸುತ್ತಿದ್ದರು. ರಾಮದುರ್ಗದಲ್ಲಿರುವ ಮಗಳು ಗುಲಫಶಾ ಫೋನಿನಲ್ಲಿ ಫೋಟೋ ಕಳಿಸು ಎಂದಳು. "ಅಂಥಾದ್ದನ್ನೆಲ್ಲ ಫೋಟೋ ತಗೀಬ್ಯಾಡ" ಎಂದು ಇವರೇ ಬಿಡಲಿಲ್ಲ. ಆದರೆ ಅಳತೆ ಬೇಕು. ಅಳತೆಯಿಲ್ಲದೆ ಅವರಿಗೆ ಯಾವುದರ ಮೇಲೂ ನಂಬಿಕೆ ಇಲ್ಲ. ಅದಕ್ಕೆ ಪ್ರತಿ ಶುಕ್ರವಾರ ನಾನು ಕುದಿಸಿದ ದಾರವನ್ನು ಗಾಯದ ಈ ಅಂಚಿನಿಂದ ಆ ಅಂಚಿಗೆ ಹಿಡಿದು, ಅದನ್ನು ಟೇಪಿನ ಮೇಲಿಟ್ಟು ಓದುತ್ತಿದ್ದೆ. ನಮ್ಮ ಅಂಗಡಿಯಲ್ಲಿ ಇಂಚಿನ ಎಂಟನೆಯ ಒಂದು ಭಾಗಕ್ಕೆ ನೂಲು ಎನ್ನುತ್ತೇವೆ. ಮೊದಲ ವಾರ ಎಂಟು ನೂಲು, ಅಂದರೆ ಪೂರ್ತಿ ಒಂದು ಇಂಚು. ಆಮೇಲೆ ಏಳು. ತಿಂಗಳಿಗೆ ಆರು. ಡಾಕ್ಟರು ಬೆನ್ನು ತಟ್ಟಿದರು. ಇವರು ಜಂಪರಿನ ಅಳತೆ ಬರೆಯುವ ಪುಸ್ತಕದಲ್ಲೇ ಕಾಲಿನದನ್ನೂ ಬರೆದಿಟ್ಟರು.

ಐದನೆಯ ವಾರ ಬೇಸಗೆ ಏರಿತು, ಇವರ ಸಿಟ್ಟೂ ಏರಿತು. ಶುಕ್ರವಾರ ಮುಂಜಾನೆ ಗೋಡೆ ನೋಡುತ್ತ ಹೇಳಿದರು, "ಈ ಸರ್ತಿ ಕಡಿಮಿ ಆಗಿರಲಿಲ್ಲಂದ್ರ ನಾ ಮತ್ತ ಸೇದಾಂವ ನೋಡು. ಬಿಟ್ರೂ ಮಾಯೋದಿಲ್ಲ ಅಂದಮ್ಯಾಗ ಯಾಕ ಸಾಯ್ಲಿ ಹಿಂಗ?"

ದಾರ ಹಿಡಿದೆ. ಏಳು. ಆರಕ್ಕೆ ಬಂದದ್ದು ಮತ್ತೆ ಏಳಾಗಿತ್ತು. ಇನ್ನೊಮ್ಮೆ ಹಿಡಿದೆ. ಏಳೇ.

"ಎಷ್ಟ?" ಎಂದರು.

"ಐದು" ಎಂದೆ.

ಅವರು ಬರೆದುಕೊಂಡರು. ಆ ಹೊತ್ತು ಅವರ ಮುಖದಲ್ಲಿ ಬಂದ ಕಳೆ ನೋಡಿ ನನಗೆ ಒಂದು ಪುಣ್ಯದ ಕೆಲಸ ಮಾಡಿದೆನೆಂದೇ ಅನ್ನಿಸಿತು. ಬೀಡಿ ಬಿಟ್ಟಿದ್ದಾರಲ್ಲ, ಮುಂದಿನ ವಾರ ಗಾಯವೇ ಇಳಿದು ನನ್ನ ಮಾತಿಗೆ ಸರಿಹೋಗುತ್ತದೆ ಎಂದುಕೊಂಡೆ. ಗಿಡ್ಡ ಕತ್ತರಿಸಿದ ಬಟ್ಟೆ ತೊಳೆದರೆ ಉದ್ದವಾಗಬಹುದೆಂದು ಹೊಸ ದರ್ಜಿಗಳು ಕಾಯುತ್ತಾರಲ್ಲ, ಹಾಗೆ.

ಇಳಿಯಲಿಲ್ಲ. ಮುಂದಿನ ಶುಕ್ರವಾರ ಎಂಟು. ಐದು ಎಂದು ಹೇಳಿದ ಬಾಯಿಂದ ಎಂಟು ಹೊರಡಲಿಲ್ಲ. ನಾಲ್ಕು ಎಂದೆ. ಅದರ ಮುಂದಿನ ವಾರ ಒಂಬತ್ತಿತ್ತು, ಮೂರು ಎಂದೆ. ಪಟ್ಟಿ ಬಿಚ್ಚಿದರೆ ವಾಸನೆ ಬರತೊಡಗಿತ್ತು. "ಏನದು?" ಎಂದು ಕೇಳಿದರೆ "ಮುಲಾಮಿಂದು" ಎಂದೆ. ಆ ವಾಸನೆ ನನ್ನ ಮೂಗಿನಲ್ಲಿ ಎಷ್ಟು ಕೂತಿತ್ತೆಂದರೆ ಬೇರೆ ಯಾವ ವಾಸನೆಯೂ ನನಗೆ ಹತ್ತುತ್ತಿರಲಿಲ್ಲ.

ಎರಡನೆಯ ತಿಂಗಳ ತಾರೀಖು ಬಂತು. ಅದನ್ನೇ ನಾನು ಕಾಯುತ್ತಿದ್ದೆ. ಡಾಕ್ಟರು ನೋಡಲಿ, ಬೈಯಲಿ, ಔಷಧ ಬದಲಿಸಲಿ, ನನ್ನ ಸುಳ್ಳು ಅಲ್ಲೇ ಮುಗಿಯಲಿ.

"ಮೂರು ನೂಲಿಗೆ ಬೆಳಗಾವಿ ಯಾಕ?" ಎಂದರು ಇವರು. "ಮದುವಿ ಸೀಜನ್ ಐತಿ. ಉಗರಗೋಳದವ್ರ ಹನ್ನೆರಡ ಜಂಪರ ಕುಂತಾವು. ಪೂರಾ ಮಾಡಿದಮ್ಯಾಗ ಒಮ್ಮೆಲೆ ಹೋಗೂಣು."

"ತೋರ್ಸಿಕೊಂಡ ಬರೂಣ್ರಿ, ಏನ ಆಗತೈತಿ" ಎಂದೆ.

"ನೀನ ಹೇಳೀದಿ ಮೂರು ಅಂತ. ನಿನಗಿಂತಾ ಡಾಕ್ಟರ ಹೆಚ್ಚ ಅಳೀತಾನೇನ?"

ಅಲ್ಲೇ ಹೇಳಿಬಿಡಬೇಕಿತ್ತು. ಬಾಯಿ ತೆರೆದಿದ್ದೆ ಕೂಡ. ಅವರು ನಗುತ್ತ ಎಡಗಾಲಿನಿಂದ ಮಿಶನ್ ತುಳಿಯಲು ಕೂತರು. ನಾನು ಗುಂಡಿಯ ಕಾಜಾ ಹೊಲಿಯಲು ಕೂತೆ. ನನ್ನಂಥ ಹೇಡಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹನ್ನೊಂದು ದಿನ ಹಾಗೇ ಹೋದವು. ನಡುವೆ ಬಂದ ಶುಕ್ರವಾರ ಎರಡು ಎಂದೆ. ಹನ್ನೆರಡನೆಯ ದಿನ ಮುಂಜಾನೆ ಅವರಿಗೆ ಚಳಿಜ್ವರ. ಕಾಲು ಮೀನಖಂಡದವರೆಗೆ ಕೆಂಪಾಗಿ ಊದಿತ್ತು. ಎದುರಿನ ಸೈಕಲ್ ಅಂಗಡಿಯ ಲಗಮಪ್ಪ ಗಾಡಿ ಮಾಡಿಕೊಟ್ಟ.

ಡಾಕ್ಟರು ಪಟ್ಟಿ ಬಿಚ್ಚಿದರು. ಕಾಗದದ ಪಟ್ಟಿಯೊಂದನ್ನು ಗಾಯದ ಪಕ್ಕ ಹಿಡಿದು, ಬರೆಯುತ್ತಿದ್ದ ನರ್ಸಿಗೆ "ಮೂರೂವರಿ ಸೆಂಟಿಮೀಟರ್, ಎಲುಬಿಗೆ ಹತ್ತೇತಿ" ಎಂದರು. ಟೇಪಿನ ಇಂಚು, ಸೆಂಟಿಮೀಟರ್ ಎರಡೂ ಮಗ್ಗುಲು ಬಾಯಿಪಾಠವಿದ್ದ ನನ್ನ ಗಂಡ ಜ್ವರದಲ್ಲೂ ಲೆಕ್ಕ ಹಾಕಿದರು.

"ಹನ್ನೊಂದ ನೂಲು" ಎಂದರು. ನನ್ನ ಕಡೆ ನೋಡಿದರು. "ಜುಬೇದಾ, ಶುಕ್ರವಾರ ಎರಡಿತ್ತಲ್ಲ?"

"ಎರಡಿರಲಿಲ್ಲರಿ. ಸುಳ್ಳ ಹೇಳಿದ್ದೆ. ಆ ಐದು ಅಂದಾಗಿನಿಂದ ಎಲ್ಲಾ ಸುಳ್ಳ. ಬಿಟ್ಟ ಬೀಡಿ ಮತ್ತ ಹಿಡೀತೀರಿ ಅಂತ ಅಂಜಿದೆ."

ಅವರು ಬೈಯುತ್ತಾರೆ ಎಂದು ತಲೆ ತಗ್ಗಿಸಿ ನಿಂತೆ. ಬೈದಿದ್ದರೆ ಚಲೋ ಇತ್ತು. ಅವರು ಸಣ್ಣ ದನಿಯಲ್ಲಿ ಹೇಳಿದರು, "ಹಿಡದಿದ್ದೆ. ನೀ ಐದು ಅಂದ ಮರುದಿನ ಲಗಮಪ್ಪನ ಅಂಗಡ್ಯಾಗ ಖುಷಿಗೆ ಒಂದ ಸೇದಿದೆ. ವಾರ ಪೂರ್ತಿ ಅಂಜಿಕೊಂಡಿದ್ದೆ. ನೀ ನಾಲ್ಕು ಅಂದಿ. ಸೇದಿದ್ರೂ ಇಳ್ಯಾಕ ಹತ್ತೇತಿ, ಡಾಕ್ಟರ ಸುಮ್ನ ಹೆದರ್ಸ್ಯಾರ ಅಂತ ತಿಳಕೊಂಡೆ. ಆಮ್ಯಾಲ ದಿನಾ ನಾಲ್ಕೈದು. ಬಡೇಸೋಪು ತಿಂದು ಮನಿಗೆ ಬರತಿದ್ದೆ."

ಡಾಕ್ಟರು ಇಬ್ಬರ ಮುಖವನ್ನೂ ನೋಡಿದರು. ನರ್ಸಿಗೆ ಹೇಳಿ ಆಪರೇಶನ್ನಿನ ಸಹಿಯ ಕಾಗದ ತರಿಸಿದರು.

ಹೆಬ್ಬೆರಳು, ಅದರ ಪಕ್ಕದ ಎರಡು ಬೆರಳು, ಪಾದದ ಮುಂಭಾಗದ ಅಷ್ಟು ಮಾಂಸ ಹೋಯಿತು. ಯಾರ ತಪ್ಪು ಎಂದು ನಾವು ಜಗಳ ಮಾಡಲಿಲ್ಲ. ಜಗಳಕ್ಕೂ ಇಬ್ಬರಲ್ಲಿ ಒಬ್ಬರಿಗಾದರೂ ಮುಖ ಬೇಕಲ್ಲ. ಬೀಡಿಯನ್ನು ಈಗ ಖರೇನೇ ಬಿಟ್ಟಿದ್ದಾರೆ. ಲಗಮಪ್ಪನೇ ಆಣೆ ಮಾಡಿ ಹೇಳಿದ.

ಮನೆಗೆ ಬಂದ ಮೊದಲ ಶುಕ್ರವಾರ ಹೊಸ ಗಾಯದ ಮೇಲೆ ದಾರ ಹಿಡಿದು "ಹದಿನೆಂಟು" ಎಂದೆ. ಅವರು ಬರೆದುಕೊಳ್ಳಲಿಲ್ಲ. ಎರಡನೆಯ ಶುಕ್ರವಾರ ಹದಿನಾರೂವರೆ ಬಂತು. ಅಲ್ಲಾಹನ ಮೇಲೆ ಆಣೆ, ಹದಿನಾರೂವರೆಯೇ ಇತ್ತು. ಖುಷಿಗೆ ನನ್ನ ದನಿ ಒಡೆಯಿತು.

"ಕನ್ನಡಿ ತಾ" ಎಂದರು.

"ಬ್ಯಾಡ್ರಿ, ನಿಮಗ ಚಕ್ಕರ ಬರತೈತಿ."

"ತಾ."

ತಂದು ಪಾದದ ಕೆಳಗೆ ಹಿಡಿದೆ. ಅವರು ಗೋಡೆಯ ಕಡೆಯಿಂದ ಮುಖ ತಿರುಗಿಸಿ ಮೊದಲ ಸಲ ತಮ್ಮ ಅರ್ಧ ಪಾದವನ್ನು ನೋಡಿದರು. ಹಣೆಯ ಮೇಲೆ ಬೆವರು ಮೂಡಿತು. ನನ್ನ ಕೈಯಿಂದ ದಾರ ಇಸಿದುಕೊಂಡು ಬಾಗಿ, ಈ ಅಂಚಿನಿಂದ ಆ ಅಂಚಿಗೆ ತಾವೇ ಹಿಡಿದರು. ಟೇಪಿನ ಮೇಲಿಟ್ಟು ಓದಿದರು. ಹದಿನಾರೂವರೆ.

ಟೇಪನ್ನು ಸುತ್ತಿ ಬದಿಗಿಟ್ಟರು. ಮುಂದಿನ ಶುಕ್ರವಾರ ನಾನು ಪಟ್ಟಿ ಬಿಚ್ಚುವ ಮೊದಲೇ ಕನ್ನಡಿ ಕೇಳಿದರು.