ಬೆನ್ನ ಕಡೆಯ ಕಂದು ಕಲೆ

ಅಮ್ಮ ಆಪರೇಷನ್ನಿನ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವುದಿಲ್ಲ ಎಂದರೆ ಹಾಕುವುದಿಲ್ಲ. ಸ್ಟೂಲಿನಿಂದ ಬಿದ್ದು ಸೊಂಟದ ಮೂಳೆ ಮುರಿದಿತ್ತೇ ಹೊರತು ಅವಳ ಹಟಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಆಪರೇಷನ್ನಿನ ನೋವು ಕಾಡದಿರಲೆಂದು ಬೆನ್ನುಹುರಿಯ ಪಕ್ಕಕ್ಕೆ ಚೂರೇ ಚೂರು ಮಾರ್ಫಿನ್ ಬಿಡುತ್ತೇವೆ ಎಂದಿದ್ದರು ಡಾಕ್ಟರು. ಬೆನ್ನಿಗೆ ಚುಚ್ಚಿಸಿಕೊಂಡರೆ ಕಾಲಿನ ಕತೆ ಮುಗಿಯಿತು ಎಂದು ಪಕ್ಕದ ಹಾಸಿಗೆಯಾಕೆ ಕಿವಿ ಊದಿದ್ದಳು. ಐವತ್ತು ವರ್ಷ ಹೊಲಿಗೆ ಯಂತ್ರ ತುಳಿದ ಅಮ್ಮನಿಗೆ ಕಾಲೆಂದರೆ ಜೀವ. ಈಗ ಇಡೀ ಆಪರೇಷನ್ನೇ ಬೇಡವೆನ್ನುತ್ತಿದ್ದಳು. ಹಾಗೇ ಬಿಟ್ಟರೆ ಹಾಸಿಗೆಯೇ ಗತಿ ಎಂಬುದು ಮಗಳಿಗೆ ಗೊತ್ತಿತ್ತು.

ಮಗಳು ಅದೇ ಆಸ್ಪತ್ರೆಯ ಹಿಂದಿನ ಕಾಲೇಜಿನ ಲ್ಯಾಬಿನಲ್ಲಿ ದಾನವಾಗಿ ಬಂದ ದೇಹಗಳ ಬೆನ್ನುಹುರಿಯನ್ನು ಕೂದಲಿಗಿಂತ ತೆಳ್ಳಗೆ ಕತ್ತರಿಸಿ, ಬಣ್ಣ ಹಾಕಿ, ಗಾಜಿಗೆ ಅಂಟಿಸುವವಳು. ಅಮ್ಮನ ಲೆಕ್ಕದಲ್ಲಿ ಅದು ಸೌತೆಕಾಯಿ ಹೆಚ್ಚುವ ಕೆಲಸ. ಬಾಯಿಮಾತಿಗೆ ಬಗ್ಗದವಳಿಗೆ ಕಣ್ಣಿಗೇ ತೋರಿಸೋಣವೆಂದು ಮಗಳು ಲ್ಯಾಬಿನ ಹಿರಿಯರನ್ನು ಕೇಳಿ, ಚಿಕ್ಕ ಮೈಕ್ರೋಸ್ಕೋಪನ್ನೂ ಒಂದು ಗಾಜನ್ನೂ ವಾರ್ಡಿಗೆ ತಂದಳು.

ಮಾರ್ಫಿನ್ ಹೋಗಿ ಕೂರುವ ಜಾಗಕ್ಕೆ ರಿಸೆಪ್ಟರ್ ಎನ್ನುತ್ತಾರೆ, ಅವು ಇರುವಲ್ಲಿ ಕಂದು ಬಣ್ಣ ಹಿಡಿದಿದೆ ಎಂದು ವಿವರಿಸಿದಳು. ನೋವಿನ ಸುದ್ದಿ ಹುರಿಯ ಒಳಗೆ ಬರುವುದು ಬೆನ್ನ ಕಡೆಯಿಂದ, ಅಲ್ಲಿನ ಅಂಚಿನಲ್ಲೇ ಅವು ಒತ್ತಾಗಿವೆ. ಕಾಲಿಗೆ ಅಪ್ಪಣೆ ಹೊರಡುವುದು ಹೊಟ್ಟೆಯ ಕಡೆಯಿಂದ, ಅಲ್ಲಿ ತೀರಾ ವಿರಳ. ಬೆನ್ನ ಕಡೆ ಯಾವುದೆಂದು ತಿಳಿಯಲು ಗಾಜಿನ ಮೇಲೆ ಆ ಬದಿಗೆ ಶಾಯಿಯ ಚುಕ್ಕಿ ಇಟ್ಟಿದೆ ಎಂದೂ ಸೇರಿಸಿದಳು.

ಅಮ್ಮ ಮೊದಲು ಗಾಜನ್ನೇ ನೋಡಿದಳು. ಚುಕ್ಕಿ ತನ್ನ ಕಡೆಗಿತ್ತು. ಆಮೇಲೆ ಕೊಳವೆಯಲ್ಲಿ ಕಣ್ಣಿಟ್ಟಳು.

"ಚುಕ್ಕಿ ಕೆಳಗಿದೆ, ಕಂದು ಮೇಲಿದೆ. ಅಂದ್ರೆ ಅದು ಕಾಲಿನ ಕಡೆನೇ. ನನಗೇ ಟೋಪಿ ಹಾಕ್ತೀಯೇನೆ?"

ಕೊಳವೆಯಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತದೆ. ನೇರವಾಗಿ ಕಾಣಲೆಂದು ಇಪ್ಪತ್ತೆರಡು ವರ್ಷದಿಂದ ಗಾಜನ್ನು ತಿರುಗಿಸಿಯೇ ಇಟ್ಟೂ ಇಟ್ಟೂ, ಅದನ್ನು ಹೇಳಬೇಕೆಂಬುದೇ ಮಗಳಿಗೆ ಮರೆತಿತ್ತು. ಈಗ ಏನು ಹೇಳಿದರೂ ನೆಪದಂತೆ ಕೇಳುತ್ತದೆ. ಅವಳು ಅಮ್ಮನ ಬೆರಳನ್ನು ಹಿಡಿದು ಗಾಜಿನ ಅಂಚಿಗೆ ತಾಗಿಸಿದಳು.

"ನೋಡ್ತಾನೇ ಗಾಜನ್ನ ಆಚೆಗೆ ತಳ್ಳಮ್ಮ. ನಾನು ಮುಟ್ಟಲ್ಲ."

ಅಮ್ಮ ಆಚೆಗೆ ತಳ್ಳಿದಳು. ಒಳಗಿನ ಚಿತ್ರ ಈಚೆಗೆ ಬಂತು. ಎಳೆದಳು, ಅದು ಆಚೆಗೆ ಹೋಯಿತು. ಹೀಗೆ ನಾಲ್ಕಾರು ಸಲ ಪರೀಕ್ಷಿಸಿ, ತಲೆಯೆತ್ತಿ ನಕ್ಕಳು.

"ನಾವೂ ಅಷ್ಟೇ ಅಲ್ವಾ, ಉಲ್ಟಾ ಮಗ್ಗುಲಲ್ಲಿ ಹೊಲಿದು ಆಮೇಲೆ ತಿರುಗಿಸೋದು. ಕತ್ತರಿ ಚೆನ್ನಾಗಿ ಹಿಡೀತೀಯ ಕಣೆ. ಎಲ್ಲಿ, ಪೆನ್ ಕೊಡು."

ಇಷ್ಟು ವರ್ಷದಲ್ಲಿ ಅಮ್ಮ ಅವಳ ಕೆಲಸವನ್ನು ಹೊಗಳಿದ್ದು ಅದೇ ಮೊದಲು. ಮಗಳ ಕಣ್ಣು ತುಂಬಿತು.

ಆಪರೇಷನ್ ಮುಗಿದ ಮರುದಿನ ಬೆಳಿಗ್ಗೆ ಮಗಳು ಬಂದಾಗ ಅಮ್ಮ ಮೂಗು ತುರಿಸಿಕೊಳ್ಳುತ್ತಿದ್ದಳು. ಈ ಮದ್ದಿಗೆ ನವೆ ಸಹಜವೆಂದು ಡಾಕ್ಟರು ಮೊದಲೇ ಹೇಳಿದ್ದರು. ನೋವಿದೆಯಾ ಎಂದರೆ, ಸುದ್ದಿ ಇನ್ನೂ ಬಂದಿಲ್ಲ ಎಂದಳು. ಮಗಳು ಮೆಲ್ಲಗೆ ಹೊದಿಕೆಯ ತುದಿ ಸರಿಸಿದಳು. ಅಮ್ಮನ ಎರಡೂ ಪಾದಗಳು ಒಂದೇ ಲಯದಲ್ಲಿ ಇಲ್ಲದ ಯಂತ್ರವನ್ನು ತುಳಿಯುತ್ತಿದ್ದವು.